ನಿನ್ನ ಗಾಳದ ಕೋಲಿನ ಹಿಡಿ ಬಿಚ್ಚಲೇಬೇಕು, ಗೆಳೆಯಾ

ಪ್ರೀತಿಯ ಗೆಳೆಯಾ,

ಕೋಲಿನ ಮೇಲೆ ದಾರ ಸುತ್ತುವ ರೀಲ್ ಅಲ್ಲಾಡ್ತಿದೆ, ಸಂದಿಗೆ ಒಂದಿಷ್ಟು ಅಂಟು ಬಿಟ್ಟು ಬಿಗಿ ಮಾಡ್ತೀನಿ ಅಂತ ಬರೆದಿದ್ದೀಯಲ್ಲ, ಓದಿದ ಕೂಡಲೇ ಉತ್ತರ ಬರೆಯೋಕೆ ಕೂತೆ. ದಯವಿಟ್ಟು ಹಾಗೆ ಮಾಡಬೇಡ. ನಾನು ಮಾಡಿ ನೋಡಿದ್ದೇನೆ. ಎರಡು ವಾರ ಗಟ್ಟಿಯಾಗಿತ್ತು. ಆಮೇಲೆ ಒಳ್ಳೆಯ ಮೀನೊಂದು ಕಚ್ಚಿ ಎಳೆಯುತ್ತಿದ್ದಾಗ ಸೀಟು, ಅಂದರೆ ಕೋಲಿನ ಮೇಲೆ ರೀಲನ್ನು ಕೂರಿಸುವ ಕೊಳವೆ, ರೀಲಿನ ಸಮೇತ ಕೈಯೊಳಗೇ ಗರ್ರನೆ ತಿರುಗಿಬಿಟ್ಟಿತು. ದಾರ ಸಡಿಲಾಯಿತು, ಮೀನು ಹೋಯಿತು. ಆ ಮೀನು ಇನ್ನೂ ಕಣ್ಣಿಗೆ ಕಟ್ಟಿದೆ.

ಮೊದಲು ಅಲ್ಲಾಡ್ತಿರೋದು ಯಾವುದು ಅಂತ ನೋಡು. ರೀಲ್ ಕಳಚಿಟ್ಟು, ಒಂದು ಕೈಯಲ್ಲಿ ಸೀಟು, ಇನ್ನೊಂದರಲ್ಲಿ ಕೋಲು ಹಿಡಿದು ತಿರುವು. ಸೀಟು ಜಗ್ಗದಿದ್ದರೆ ಸಡಿಲ ಇರೋದು ರೀಲಿನ ಪಾದದಲ್ಲಿ. ಅದರಡಿ ತೆಳು ರಬ್ಬರಿನ ಪಟ್ಟಿ ಇಟ್ಟು ನಟ್ ಬಿಗಿದರೆ ಸಾಕು. ಸೀಟೇ ತಿರುಗಿದರೆ ಹಿಡಿ ಬಿಚ್ಚಲೇಬೇಕು.

ಸೀಟಿನ ಹಿಂದೆ ಇರುವ ಹಿಡಿಯ ಕಾರ್ಕನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆ. ಬ್ಲೇಡು ಕೋಲಿಗೆ ತಾಗದಿರಲಿ, ಫೈಬರ್ ಮೇಲೆ ಬಿದ್ದ ಗೀರು ಮುಂದೆ ಮುರಿಯುವ ಜಾಗವಾಗುತ್ತೆ. ಸೀಟಿಗೆ ಬಟ್ಟೆ ಸುತ್ತಿ ಕುದಿಯುವ ನೀರು ಹೊಯ್ಯುತ್ತಾ ಇರು, ಒಳಗಿನ ಎಪಾಕ್ಸಿ (ಎರಡು ಭಾಗ ಕಲಸಿ ಹಚ್ಚುವ ಅಂಟು) ಮೆತ್ತಗಾಗುತ್ತೆ. ಆಗ ತಿರುವುತ್ತಾ ಎಳೆದರೆ ಸೀಟು ಹಿಂದಕ್ಕೆ ಜಾರಿ ಬರುತ್ತೆ. ಬೆಂಕಿ ಮಾತ್ರ ಹಿಡಿಯಬೇಡ. ಕೋಲನ್ನು ಹಿಡಿದಿಟ್ಟಿರೋದೂ ಅಂಥದೇ ರಾಳ.

ನನ್ನದು ಜಾರಿ ಬಂದಾಗ ಒಳಗೆ ಕಂಡದ್ದನ್ನು ಹೇಳಲೇಬೇಕು. ಕೋಲಿನ ದಪ್ಪ 11 ಮಿ.ಮೀ., ಸೀಟಿನ ಒಳತೂತು 16 ಮಿ.ಮೀ. ಸುತ್ತಲೂ ಉಳಿದ ಎರಡೂವರೆ ಮಿ.ಮೀ. ಸಂದಿಗೆ ಈ ತುದಿಯಿಂದ ಆ ತುದಿವರೆಗೂ ಮಾಸ್ಕಿಂಗ್ ಟೇಪ್ (ಕಾಗದದ ಅಂಟುಪಟ್ಟಿ) ಸುತ್ತಿದ್ದೆ. ನೀರು ಕುಡಿದು ಕುಡಿದು ಅದು ಕಂದು ಬಣ್ಣಕ್ಕೆ ತಿರುಗಿತ್ತು, ಉಗುರಲ್ಲಿ ಕೆರೆದರೆ ನೆನೆದ ಕಾಗದದ ಹಾಗೆ ಮುದ್ದೆಯಾಗಿ ಬಂತು. ಅಂಟು ಇದ್ದದ್ದು ಎರಡು ತುದಿಯಲ್ಲಿ ಒಂದೊಂದು ತೆಳು ಬಳೆಯಷ್ಟು. ಮೇಲಿನಿಂದ ಬಿಟ್ಟ ಅಂಟಿಗೆ ಒಳಗೆ ಇಳಿಯೋಕೆ ದಾರಿಯೇ ಇರಲಿಲ್ಲ, ಕೊಳೆತ ಟೇಪಿಗೆ ಅಂಟಿಕೊಂಡಿತ್ತು ಅಷ್ಟೇ.

ಅದಕ್ಕೇ ಈ ಸಲ ಟೇಪನ್ನು 6 ಮಿ.ಮೀ. ಅಗಲದ ಪಟ್ಟಿ ಮಾಡಿ, ನಡುನಡುವೆ ಅಷ್ಟಷ್ಟೇ ಜಾಗ ಬಿಟ್ಟು ಸುತ್ತಿದೆ. ಪಟ್ಟಿಗಳ ಕೆಲಸ ಸೀಟನ್ನು ನಡುಮಧ್ಯಕ್ಕೆ ನಿಲ್ಲಿಸೋದು ಮಾತ್ರ. ಹಿಡಿತ ಕೊಡೋದು ಆ ಖಾಲಿ ಜಾಗದಲ್ಲಿ ಕೋಲಿಗೂ ಸೀಟಿಗೂ ನೇರವಾಗಿ ಕೂತ ಎಪಾಕ್ಸಿ. ಅಂಟು ಹಚ್ಚುವ ಮೊದಲು 220ರ ಉಪ್ಪುಕಾಗದದಲ್ಲಿ ಕೋಲಿನ ಹೊಳಪು ತೆಗೆ, ಸೀಟಿನ ಒಳಗೂ ಉಜ್ಜು, ಸ್ಪಿರಿಟ್‌ನಲ್ಲಿ ಒರೆಸು. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡ.

ಐದು ನಿಮಿಷದ ಎಪಾಕ್ಸಿ ಬೇಡ, ನಿಧಾನಕ್ಕೆ ಗಟ್ಟಿಯಾಗೋದು ತಗೋ. ಡಬ್ಬಿಯ ಮೇಲೆ ಹೇಳಿದ ಅಳತೆಯಲ್ಲೇ ಎರಡೂ ಭಾಗ ತೆಗೆದು, ಅಂಚು ಕೆರೆದು ಚೆನ್ನಾಗಿ ಕಲಸು. ಖಾಲಿ ಜಾಗಗಳು ತುಂಬಿ ತುಳುಕುವಷ್ಟು ಹಚ್ಚಿ, ಸೀಟನ್ನು ತಿರುವುತ್ತಾ ಕೂರಿಸು. ನಟ್ ತಿರುಗುವ ತಿರುಪಿನ ಮೇಲೆ ಒಂದು ಹನಿ ಉಳಿದರೂ ನಟ್ ಅಲ್ಲೇ ಕಚ್ಚಿಕೊಂಡುಬಿಡುತ್ತೆ, ತಕ್ಷಣ ಒರೆಸು. ಆಮೇಲೆ ರೀಲ್ ಸಿಕ್ಕಿಸಿ, ಹಿಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡು. ರೀಲಿನ ಪಾದ, ಕೋಲಿನ ಮೇಲೆ ದಾರ ಹಾಯುವ ಉಂಗುರಗಳೆಲ್ಲ ಒಂದೇ ಸಾಲಿಗೆ ಬರಬೇಕು. ಕಾಲು ಗಂಟೆ ಬಿಟ್ಟು ಮತ್ತೆ ನೋಡು, ಅಂಟು ಹಸಿ ಇರುವಾಗ ಸೀಟು ಸದ್ದಿಲ್ಲದೆ ವಾಲುತ್ತೆ. ನನ್ನದು ಎರಡು ಸಲ ವಾಲಿತ್ತು. 24 ಗಂಟೆ ಅದರ ಸುದ್ದಿಗೆ ಹೋಗಬೇಡ.

ಕಾರ್ಕ್ ಕೆಲಸ ನಿನಗೆ ಗೊತ್ತಿರೋದೇ. ಬಿಲ್ಲೆಗಳನ್ನು ಅಂಟಿಸಿ 120ರಿಂದ ಶುರುಮಾಡಿ 400ರವರೆಗೆ ಉಜ್ಜು. ಉದುರಿದ ಪುಡಿ ಚೆಲ್ಲಬೇಡ, ಅಂಟಿನಲ್ಲಿ ಕಲಸಿದರೆ ತೂತು ಮುಚ್ಚೋಕೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ನನ್ನ ಹಿಡಿ ಈಗ ಅಂಗೈಗೆ ಎಷ್ಟು ಚೆನ್ನಾಗಿ ಕೂರುತ್ತೆ ಅಂದರೆ, ಸುಮ್ಮನೆ ಇದ್ದಾಗಲೂ ಕೈಗೆತ್ತಿಕೊಳ್ಳುತ್ತೇನೆ.

ಬಿಚ್ಚಿದ ಮೇಲೆ ಕೋಲಿನ ದಪ್ಪ, ಸೀಟಿನ ಒಳತೂತು ಎರಡನ್ನೂ ಅಳೆದು ಬರೆ. ಸಂದಿ ನನ್ನದಕ್ಕಿಂತ ದೊಡ್ಡದಿದ್ದರೆ ಟೇಪ್ ಬೇಡ, ಸಂದಿಗೆ ಕೂರುವ ಹಾಗೆ ಕಾರ್ಕಿನದೇ ಕೊಳವೆ ಮಾಡಿ ಕಳಿಸ್ತೀನಿ.

ನಿನ್ನ ಗೆಳೆಯ