ಪುಣೆಗೆ ಓದಲು ಬಂದ ಆ ಹುಡುಗಿಗೆ, ಅವಳ ಜೊತೆ ನಿಂತವರಿಗೆ

ಕಳೆದ ವಾರ ನನ್ನ ಪಿಎಚ್.ಡಿ. ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ, ಮುಗಿಯಿತು. ಇಲ್ಲಿ ವೈವಾ ಎಲ್ಲರಿಗೂ ತೆರೆದಿರುತ್ತದೆ, ಯಾರು ಬೇಕಾದರೂ ಬಂದು ಕೂರಬಹುದು. ಅಪ್ಪ, ಅವ್ವ, ತಮ್ಮ ಮೂವರೂ ಇಂಡಿ ತಾಲೂಕಿನ ನಮ್ಮ ಹಳ್ಳಿಯಿಂದ ರಾತ್ರಿ ಬಸ್ಸು ಹಿಡಿದು ಬಂದಿದ್ದರು. ಹೊರಗೆ ಬಂದ ಮೇಲೆ ಅಪ್ಪ ಹೇಳಿದ್ದು ಇಷ್ಟೇ: "ನೀ ಹೇಳಿದ್ದು ನನಗ ಒಂದೂ ತಿಳೀಲಿಲ್ಲವ್ವಾ. ಆದ್ರ ಎಲ್ಲಾರೂ ಸುಮ್ನ ಕೇಳ್ಕೋತ ಕುಂತಿದ್ರು ನೋಡು, ಅದು ಭಾಳ ಚಲೋ ಅನಿಸ್ತು."

ಅವತ್ತಿನಿಂದ ಎಷ್ಟೊಂದು ಜನ ಫೋನು ಮಾಡಿದ್ದೀರಿ, ಹಾರೈಸಿದ್ದೀರಿ. ಎಲ್ಲರಿಗೂ ಮನಸ್ಸು ತುಂಬಿ ಥ್ಯಾಂಕ್ಸ್. ಥೀಸಿಸ್ಸಿನಲ್ಲಿ ಕೃತಜ್ಞತೆಗೆ ಅಂತ ಒಂದು ಪುಟ ಇದೆ. ಅದು ಇಂಗ್ಲಿಷಿನಲ್ಲಿದೆ, ಅಲ್ಲಿ ಗೈಡು, ವಿಭಾಗ, ಲ್ಯಾಬು ಎಲ್ಲ ಬಂದಿವೆ. ಆದರೆ ಅದಕ್ಕೂ ಬಹಳ ಮೊದಲು, ಕಾಲೇಜಿನ ಮೊದಲ ವರ್ಷದಲ್ಲಿ ನನ್ನನ್ನು ಬೀಳದಂತೆ ಹಿಡಿದವರು ಆ ಪುಟದಲ್ಲಿ ಹಿಡಿಸಲಿಲ್ಲ. ಅವರ ಬಗ್ಗೆ ಕನ್ನಡದಲ್ಲಿ ಬರೆಯಬೇಕು, ತಮ್ಮ ಅದನ್ನು ಅಪ್ಪ-ಅವ್ವನಿಗೆ ಓದಿ ಹೇಳಬೇಕು ಅಂತ ಆಸೆ.

ಇನ್ನೊಂದು ಕಾರಣವೂ ಇದೆ. ಪಿಯುಸಿ ರಿಸಲ್ಟ್ ಬಂದ ಮೇಲೆ ಪ್ರತಿ ವರ್ಷ ನಮ್ಮ ಕಡೆಯ ಹುಡುಗ ಹುಡುಗಿಯರು ಕೇಳುತ್ತಾರೆ: "ಅಕ್ಕಾ, ಪುಣೆಗೆ ಬರ್ತಾ ಇದ್ದೀನಿ, ಏನು ಮಾಡ್ಲಿ?" ಅವರಿಗೆ ಹೇಳುವುದನ್ನು 2008ರಲ್ಲಿ ಪುಣೆಯ ಸ್ವಾರಗೇಟ್ ಬಸ್ ಸ್ಟ್ಯಾಂಡಿನಲ್ಲಿ ಟ್ರಂಕು ಹಿಡಿದು ಇಳಿದ ಹುಡುಗಿಗೇ, ಅಂದರೆ ಆಗಿನ ನನಗೇ ಹೇಳುತ್ತೇನೆ. ಅವಳಿಗೆ ಗೊತ್ತಾದರೆ ಎಲ್ಲರಿಗೂ ಗೊತ್ತಾದ ಹಾಗೆ.

ನೋಡವ್ವಾ, ಮೊದಲು ಕಾಗದ ಪತ್ರದ ಮಾತು. ಕರ್ನಾಟಕದ ಪಿಯು ಬೋರ್ಡಿನಿಂದ ಮೈಗ್ರೇಶನ್ ಸರ್ಟಿಫಿಕೇಟ್ ತರದೆ ಬರಬೇಡ. ಬೇರೆ ರಾಜ್ಯದವರಿಗೆ ಇಲ್ಲಿ ಎಲಿಜಿಬಿಲಿಟಿ, ಅಂದರೆ ಪ್ರವೇಶಕ್ಕೆ ಅರ್ಹತೆ ಪರಿಶೀಲಿಸುವ ಒಂದು ಕೆಲಸ ಇರುತ್ತದೆ, ಅದಕ್ಕೆ ಅದು ಬೇಕೇ ಬೇಕು. ಮೂಲ ಪ್ರತಿ ಕೊಡುವ ಮೊದಲು ಎಲ್ಲದರ ಜೆರಾಕ್ಸ್ ಮಾಡಿಸಿ ಇಟ್ಟುಕೋ. ಕೌಂಟರಿನಲ್ಲಿ "ನಾಳೆ ಬಾ" ಅಂದರೆ, ಯಾವ ಕಾಗದ ಕಡಿಮೆಯಾಗಿದೆ ಅಂತ ಚೀಟಿಯಲ್ಲಿ ಬರೆಸಿಕೊಂಡು ಬಾ. ಇಷ್ಟು ಸಾಕು, ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ.

ಅಪ್ಪ ಆಗ ಪುಣೆಯ ಅಂಚಿನ ವಾಕಡದಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದರು. ಸೈಟಿನ ಪಕ್ಕದಲ್ಲೇ ಪತ್ರಾಸಿನ ಶೆಡ್ಡು. ರಾತ್ರಿ ಒಂಬತ್ತಕ್ಕೆ ದೀಪ ಆರಿಸುತ್ತಿದ್ದರು, ಬೆಳಿಗ್ಗೆ ಐದಕ್ಕೆ ನೀರಿನ ಪಾಳಿ. ಅಲ್ಲಿ ಓದಲು ಆಗುತ್ತಿರಲಿಲ್ಲ. ಹಾಗಾಗಿ ಸದಾಶಿವ ಪೇಟೆಯಲ್ಲಿ ಕಾಟ್ ಬೇಸಿಸ್. ಪುಣೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇಡೀ ಕೋಣೆ ನಿಮ್ಮದಲ್ಲ, ಒಂದು ಮಂಚ ಮಾತ್ರ ನಿಮ್ಮದು. ಅದರ ಕೆಳಗೆ ಟ್ರಂಕು, ತಲೆ ಹತ್ತಿರ ಒಂದು ಗೂಡು. ಮನೆ ಒಡತಿ ಆಜಿ ಒಬ್ಬರೇ ಇದ್ದರು. ರಾತ್ರಿ ಒಂಬತ್ತರ ಮೇಲೆ ಬಾಗಿಲು ತೆಗೆಯಲ್ಲ ಅನ್ನುವುದು ಅವರ ನಿಯಮ. ಪ್ರಾಕ್ಟಿಕಲ್ ಪರೀಕ್ಷೆಯ ದಿನಗಳಲ್ಲಿ ನಾನು ತಡವಾಗಿ ಬಂದಾಗ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು. ಒಂದು ಮಾತು ಬಯ್ಯಲಿಲ್ಲ. ಆಜಿ ಈಗಿಲ್ಲ. ಅವರಿಗೆ ನನ್ನ ನಮಸ್ಕಾರ.

ಇನ್ನು ಮೆಸ್ಸು ನಡೆಸುತ್ತಿದ್ದ ಕಾಕು. ಮರಾಠಿಯಲ್ಲಿ ಕಾಕು ಅಂದರೆ ಚಿಕ್ಕಮ್ಮ. ಇವರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು.

ಪುಣೆಯಲ್ಲಿ ಹೊರಗಿನಿಂದ ಬಂದು ಓದುವ ಮಕ್ಕಳನ್ನು ಬದುಕಿಸುವುದು ಮೆಸ್ಸು. ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಎರಡು ಹೊತ್ತು ಚಪಾತಿ, ಎರಡು ಭಾಜಿ, ಅನ್ನ, ವರಣ ಅಂದರೆ ತೊವ್ವೆ. ಭಾನುವಾರ ಮಧ್ಯಾಹ್ನ ಫೀಸ್ಟು, ರಾತ್ರಿ ಬಂದ್. ಊರಿಗೆ ಹೋಗುವ ಮೊದಲು ಹೇಳಿದರೆ ಆ ದಿನಗಳನ್ನು ಖಾಡಾ ಅಂತ ಬರೆದುಕೊಂಡು ದುಡ್ಡು ಕಳೆಯುತ್ತಾರೆ. ಕಾಕುವಿನ ಹತ್ತಿರ ಉದ್ದನೆಯ ಕೆಂಪು ರಟ್ಟಿನ ವಹಿ ಇತ್ತು. ಒಬ್ಬೊಬ್ಬರಿಗೆ ಒಂದು ಸಾಲು, ಊಟ ಮಾಡಿದ ಹೊತ್ತಿಗೆ ಒಂದು ಗೆರೆ, ಖಾಡಾ ಇದ್ದರೆ ಸೊನ್ನೆ.

ಮಳೆಗಾಲದಲ್ಲಿ ಸೈಟಿನ ಕೆಲಸ ನಿಲ್ಲುತ್ತದೆ. ಕೆಲಸ ನಿಂತರೆ ಪಗಾರ ಬರುವುದಿಲ್ಲ. ಅಂಥ ತಿಂಗಳಲ್ಲಿ ನೀನು ರಾತ್ರಿ ಊಟ ಬಿಟ್ಟು ದುಡ್ಡು ಉಳಿಸುವ ಲೆಕ್ಕ ಹಾಕುತ್ತೀಯ. ಹಾಕಬೇಡ. ಹೋಗಿ ಕಾಕುಗೆ ನೇರವಾಗಿ ಹೇಳು, ಈ ತಿಂಗಳು ಆಗಲ್ಲ ಅಂತ. ನಿನ್ನ ಸಾಲಿನಲ್ಲಿ ಸತತ ಸೊನ್ನೆ ಕಂಡು ಅವರು ಕೇಳಿಯೇ ಕೇಳುತ್ತಾರೆ. ನನಗೂ ಕೇಳಿದರು. ಹೇಳಿದೆ. ಅವರು ತಟ್ಟೆಗೆ ಇನ್ನೊಂದು ಚಪಾತಿ ಹಾಕಿ, "ಪರೀಕ್ಷಾ ಸಂಪೂ ದೇ, ಮಗ ಬಘೂ," ಅಂದರು. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ, ಅಷ್ಟೇ. ದೀಪಾವಳಿ ಆದ ಮೇಲೆ ಅಪ್ಪ ಬಂದು ಬಾಕಿ ಕೊಟ್ಟಾಗ ಎಣಿಸದೆ ಡಬ್ಬಿಗೆ ಹಾಕಿಕೊಂಡರು.

ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ನಮ್ಮಂಥ ಮನೆಯಿಂದ ಬಂದವರಿಗೆ ಯಾರ ಹಂಗೂ ಬೇಡ ಅನ್ನುವ ಹಟ ಇರುತ್ತದೆ. ಕೂಲಿ ಮಾಡಿ ತಿನ್ನುವ ಮನೆಯಲ್ಲಿ ಅದು ಮರ್ಯಾದೆಯ ಪ್ರಶ್ನೆ, ನನಗೆ ಗೊತ್ತು. ಆದರೆ ಪ್ರೀತಿಯಿಂದ ಬಡಿಸಿದ ಚಪಾತಿ ಹಂಗಲ್ಲ. ತಗೋ. ಹೊಟ್ಟೆ ತುಂಬಾ ಊಟ ಮಾಡಿ ಹೋಗಿ ಓದು. ಕಾಕುಗೂ ನಿನ್ನಿಂದ ಬೇಕಾಗಿರುವುದು ಅದೇ.

ಇಂಗ್ಲಿಷಿನ ಬಗ್ಗೆ ಎಲ್ಲರೂ ಹೆದರುತ್ತಾರೆ. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಪಿಯುಸಿಯಲ್ಲಿ ಹೇಗೋ ಬಾಯಿಪಾಠ, ಇಲ್ಲಿ ಎಫ್‌ವೈ, ಅಂದರೆ ಮೊದಲ ವರ್ಷದ ಬಿ.ಎಸ್ಸಿ. ಕ್ಲಾಸಿನಲ್ಲಿ ಸರ್ ವೇಗವಾಗಿ ಹೇಳುತ್ತಾ ಹೋಗುತ್ತಾರೆ. ಪಕ್ಕದ ಮಂಚದ ಲಾತೂರಿನ ಗೆಳತಿ ಮರಾಠಿ ಮಾಧ್ಯಮದವಳು, ಅವಳದೂ ಇದೇ ಪಾಡು. ನಾವಿಬ್ಬರೂ ಒಂದು ಕೆಲಸ ಮಾಡಿದೆವು. ರಾತ್ರಿ ಅವತ್ತಿನ ಪಾಠವನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು, ಪುಸ್ತಕ ಮುಚ್ಚಿ, ತಪ್ಪೋ ಒಪ್ಪೋ ಇಂಗ್ಲಿಷಿನಲ್ಲೇ. ಸಿಕ್ಕಿಕೊಂಡರೆ ಅವಳು ಮರಾಠಿಗೆ ಹಾರುತ್ತಿದ್ದಳು, ನಾನು ಕನ್ನಡಕ್ಕೆ. ಎಸ್‌ವೈ, ಅಂದರೆ ಎರಡನೇ ವರ್ಷದ ಹೊತ್ತಿಗೆ ಭಯ ಹೋಗಿತ್ತು. ಅವಳ ಮರಾಠಿಯೂ ನನಗೆ ಬಂದಿತ್ತು, ಅದು ಬೋನಸ್ಸು. ಈಗ ಅವಳು ಲಾತೂರಿನ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ವೈವಾ ದಿನ ರಜೆ ಹಾಕಿ ಬಂದು ಅವ್ವನ ಪಕ್ಕದಲ್ಲೇ ಕೂತಿದ್ದಳು. ಗೆಳತೀ, ಈ ಡಿಗ್ರಿಯಲ್ಲಿ ನಿನ್ನದೂ ಪಾಲಿದೆ.

ಈಗ ನನ್ನ ಬಾಟನಿ ಸರ್. ಕಾಲೇಜಿನ ಹೆಸರು, ಅವರ ಹೆಸರು ಬರೆಯುವುದು ಅವರಿಗೆ ಇಷ್ಟವಾಗಲ್ಲ, ಹಾಗಾಗಿ ಬಿಡುತ್ತೇನೆ.

ಪ್ರಾಕ್ಟಿಕಲ್‌ನಲ್ಲಿ ಮೊದಲು ಕಲಿಸುವುದು ಸೆಕ್ಷನ್, ಅಂದರೆ ಮೈಕ್ರೋಸ್ಕೋಪಿನಲ್ಲಿ ನೋಡುವ ತೆಳ್ಳನೆಯ ಹೋಳು, ಕತ್ತರಿಸುವುದು. ಹೊಸ ಬ್ಲೇಡು ತೆಗೆದುಕೊಂಡು, ಗಜ್ಜರಿಯನ್ನು ಸೀಳಿ, ಅದರ ನಡುವೆ ಎಲೆಯ ತುಂಡು ಇಟ್ಟು, ತೆಳ್ಳಗೆ ಕತ್ತರಿಸುತ್ತಾ ಹೋಗಬೇಕು. ತುಂಡುಗಳನ್ನು ನೀರಿನಲ್ಲಿ ತೇಲಿಬಿಟ್ಟು, ಇದ್ದುದರಲ್ಲಿ ತೆಳ್ಳಗಿನದನ್ನು ಕುಂಚದಿಂದ ಎತ್ತಿ, ಸಾಫ್ರಾನಿನ್ ಅನ್ನುವ ಕೆಂಪು ಬಣ್ಣ ಹಾಕಿ, ಒಂದು ಹನಿ ಗ್ಲಿಸರಿನ್ ಬಿಟ್ಟು, ಗಾಳಿಗುಳ್ಳೆ ಬಾರದ ಹಾಗೆ ಓರೆಯಾಗಿ ಕವರ್‌ಸ್ಲಿಪ್, ಅಂದರೆ ತೆಳು ಗಾಜಿನ ಚೂರು, ಇಳಿಸಬೇಕು. ನನ್ನ ಕೈ ಇದರಲ್ಲಿ ಬೇಗ ಕುದುರಿತು. ಸರ್ ನೋಡಿ, "ತುಮ್ಚ್ಯಾ ಗಾವಾತ ಕಾಯ್ ಪಿಕತಂ?" ಅಂತ ಕೇಳಿದರು. ನಿಮ್ಮೂರಲ್ಲಿ ಏನು ಬೆಳೆಯುತ್ತೀರಿ ಅಂತ. ಬಿಳಿಜೋಳ, ಮಾಲದಂಡಿ ತಳಿ ಅಂದೆ. "ದೀಪಾವಳಿಗೆ ಹೋದಾಗ ಎಲೆ ತಗೊಂಡು ಬಾ," ಅಂದರು.

ಹಾಗೇ ಮಾಡಿದೆ. ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಸರ್ ತಮ್ಮ ಊಟದ ಹೊತ್ತು ಬಿಟ್ಟು ನನ್ನ ಜೊತೆ ಮೈಕ್ರೋಸ್ಕೋಪಿನ ಮುಂದೆ ಕೂತರು. ನಾಳಗಳ ಸುತ್ತ ಒತ್ತಾಗಿ ನಿಂತ ಹಸಿರು ಕೋಶಗಳನ್ನು ತೋರಿಸಿದರು. ಜೋಳ ಕಡಿಮೆ ನೀರಿನಲ್ಲಿ ಜಾಸ್ತಿ ಆಹಾರ ತಯಾರಿಸುವುದರ ಹಿಂದೆ ಆ ಕೋಶಗಳ ಕೆಲಸ ಇದೆ ಅಂದರು. ಆಮೇಲೆ ಎಲೆಯ ಮೇಲ್ಪದರದ ದೊಡ್ಡ ದೊಡ್ಡ ಕೋಶಗಳು. ನೀರು ಕಡಿಮೆಯಾದಾಗ ಇವು ಕುಗ್ಗುತ್ತವೆ, ಆಗ ಎಲೆ ಸುರುಳಿ ಸುತ್ತಿಕೊಳ್ಳುತ್ತದೆ, ಒಳಗಿನ ತೇವ ಉಳಿಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ನಮ್ಮ ಹೊಲದಲ್ಲಿ ಜೋಳದ ಎಲೆ ಸುತ್ತಿಕೊಂಡು, ಸಂಜೆ ಮತ್ತೆ ಬಿಚ್ಚಿಕೊಳ್ಳುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಅವ್ವ ಅದನ್ನು ನೋಡಿ ಭೂಮಿಯಲ್ಲಿ ಎಷ್ಟು ಹಸಿ ಉಳಿದಿದೆ ಅಂತ ಹೇಳುತ್ತಿದ್ದಳು. ಅವ್ವನಿಗೆ ಗೊತ್ತಿದ್ದದ್ದರ ಒಳಗಿನ ಕೀಲು ಅವತ್ತು ನನ್ನ ಕಣ್ಣ ಮುಂದೆ ಕೆಂಪಗೆ ಹೊಳೆಯುತ್ತಿತ್ತು.

ನನ್ನ ಪಿಎಚ್.ಡಿ. ಶುರುವಾಗಿದ್ದು ಆ ಮಧ್ಯಾಹ್ನ. ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದ ತಳಿ ಈ ಮಾಲದಂಡಿ, ಎಂ 35-1. ಹಿಂಗಾರಿಯಲ್ಲಿ ಬಿತ್ತಿದರೆ ಕಪ್ಪು ಮಣ್ಣು ಹಿಡಿದಿಟ್ಟುಕೊಂಡ ತೇವದ ಮೇಲೇ ಬೆಳೆದು ನಿಲ್ಲುತ್ತದೆ. ನಾನು ಕೆಲಸ ಮಾಡಿದ್ದು ಅದರ ಎಲೆಯ ಮೇಲೆ. ಹಾಗಾಗಿ ಹುಡುಗೀ, ನೀನು ಬರಿಗೈಲಿ ಬಂದಿದ್ದೀಯ ಅಂದುಕೊಳ್ಳಬೇಡ. ಪೇಟೆಯ ಮಕ್ಕಳಿಗೆ ಪುಸ್ತಕದಲ್ಲಿ ಮಾತ್ರ ಸಿಗುವುದು ನಿನಗೆ ಹೊಲದಲ್ಲಿ ಸಿಕ್ಕಿದೆ. ಕ್ಲಾಸಿನಲ್ಲಿ ಅದನ್ನು ಬಾಯಿ ಬಿಟ್ಟು ಹೇಳು. ಸರ್, ನಿಮಗೆ ಎಷ್ಟು ಹೇಳಿದರೂ ಕಡಿಮೆ.

ದುಡ್ಡಿಗೆ ಇನ್ನೊಂದು ದಾರಿಯೂ ಇದೆ, ಹೊಸಬರಲ್ಲಿ ಬಹಳ ಜನ ವಿಚಾರಿಸುವುದೇ ಇಲ್ಲ. ಕಮವಾ ಆಣಿ ಶಿಕಾ, ಅಂದರೆ ದುಡಿ ಮತ್ತು ಕಲಿ ಯೋಜನೆ. ಕರ್ಮವೀರ ಭಾವುರಾವ್ ಪಾಟೀಲರ ಹೆಸರಿನಲ್ಲಿ ವಿಶ್ವವಿದ್ಯಾಲಯ ನಡೆಸುತ್ತದೆ. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿ, ಬಡ ರೈತರ ಮಕ್ಕಳು ಕೆಲಸ ಮಾಡುತ್ತಲೇ ಓದುವ ಹಾಗೆ ಮಾಡಿದ ದೊಡ್ಡ ಮನುಷ್ಯ ಅವರು. ಕ್ಲಾಸು ಮುಗಿದ ಮೇಲೆ ಲೈಬ್ರರಿಯಲ್ಲೋ ತೋಟದಲ್ಲೋ ಆಫೀಸಿನಲ್ಲೋ ಕೆಲಸ, ಗಂಟೆ ಲೆಕ್ಕದಲ್ಲಿ ದುಡ್ಡು. ನಾನು ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿದೆ. ಅಲ್ಲಿಯ ಸಿಬ್ಬಂದಿ ನನಗೆ ಬೇಕಾದ ಪುಸ್ತಕ ಮರಳಿ ಬಂದ ಕೂಡಲೇ ತೆಗೆದಿಡುತ್ತಿದ್ದರು. ಅವರಿಗೂ ಧನ್ಯವಾದ. ಸ್ವಂತ ಪುಸ್ತಕ ಬೇಕಾದರೆ ಅಪ್ಪಾ ಬಳವಂತ ಚೌಕಕ್ಕೆ ಹೋಗು, ಹಳೆಯವು ಅಗ್ಗಕ್ಕೆ ಸಿಗುತ್ತವೆ.

ಅಲ್ಲಿಂದ ಸ್ವಲ್ಪ ನಡೆದರೆ ದಗಡೂಶೇಟ್ ಗಣಪತಿ. ಅದರ ಎದುರಿಗಿದ್ದ ಭಿಡೆ ವಾಡಾದಲ್ಲಿ 1848ರಲ್ಲಿ ಸಾವಿತ್ರಿಬಾಯಿ ಮತ್ತು ಜೋತಿಬಾ ಫುಲೆ ಹುಡುಗಿಯರಿಗಾಗಿ ಶಾಲೆ ತೆಗೆದರು. ನಾನು ನೋಡಿದಾಗ ಪಾಳುಬಿದ್ದಿತ್ತು. 2023ರಲ್ಲಿ ಅದನ್ನು ಕೆಡವಿದರು, ಅಲ್ಲಿ ಸ್ಮಾರಕ ಬರಬೇಕು. ನಾನು ಸೇರಿದಾಗ ಬರೀ ಪುಣೆ ವಿಶ್ವವಿದ್ಯಾಲಯ ಅಂತಿದ್ದದ್ದು 2014ರಲ್ಲಿ ಸಾವಿತ್ರಿಬಾಯಿಯವರ ಹೆಸರು ಪಡೆಯಿತು. ನನ್ನ ಸರ್ಟಿಫಿಕೇಟಿನ ಮೇಲೆ ಅವರ ಹೆಸರು ಇರುತ್ತದೆ ಅನ್ನುವುದು ನನಗೆ ಸಣ್ಣ ಸಂತೋಷವಲ್ಲ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ನಾನು.

ಪುಣೆಯ ಕನ್ನಡಿಗರು ಅಂದರೆ ನಾವು ದೊಡ್ಡ ಹೆಸರುಗಳನ್ನು ಹೇಳುತ್ತೇವೆ. ಹೇಳಲೇಬೇಕು. ಧಾರವಾಡದ ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಮುಗಿಸಿದರು. ಗದಗಿನ ಭೀಮಸೇನ ಜೋಶಿಯವರು ಇಲ್ಲೇ ನೆಲೆಸಿ, ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಸಂಗೀತ ಉತ್ಸವ ಶುರು ಮಾಡಿದರು. ಆದರೆ ವಾಕಡ, ಹಿಂಜವಡಿ, ಬಾಣೇರದ ಎತ್ತರದ ಕಟ್ಟಡಗಳ ಗೋಡೆ ಕಟ್ಟಿದವರಲ್ಲಿ ವಿಜಯಪುರ, ಕಲಬುರಗಿ ಕಡೆಯ ಎಷ್ಟೋ ಮಂದಿ ಇದ್ದಾರೆ. ಅವರೂ ಪುಣೆಯ ಕನ್ನಡಿಗರೇ ಅಲ್ವಾ? ಕಾಲೇಜಿನಲ್ಲಿ ಅಪ್ಪ ಏನು ಮಾಡುತ್ತಾರೆ ಅಂತ ಯಾರಾದರೂ ಕೇಳಿದರೆ ತಲೆ ಎತ್ತಿ ಹೇಳು, ಗೌಂಡಿ ಅಂತ. ಅಪ್ಪಾ, ಈಗ ಮೊಣಕಾಲು ನೋವು ಅಂತ ಊರಿಗೆ ಮರಳಿದ್ದೀಯ. ನೀನು ಸಿಮೆಂಟಿನ ಕೈಯಲ್ಲಿ ಎಣಿಸಿ ಕೊಟ್ಟ ಫೀಸಿನ ಮೇಲೆ ನಾನು ನಿಂತಿದ್ದೇನೆ.

ಡಿಗ್ರಿ ಆದ ಮೇಲಿನ ವರ್ಷಗಳೂ ಸುಲಭವಾಗಿರಲಿಲ್ಲ. ಎಂ.ಎಸ್ಸಿ. ಮುಗಿಸಿ ತಾಸಿನ ಲೆಕ್ಕದ ಉಪನ್ಯಾಸಕಿ ಕೆಲಸ, ರಜೆ ಬಂತು ಅಂದರೆ ಪಗಾರವಿಲ್ಲ. ಕೋವಿಡ್‌ನಲ್ಲಿ ಲ್ಯಾಬಿಗೆ ಬೀಗ ಬಿದ್ದು ಒಂದು ಹಿಂಗಾರಿಯ ಬೆಳೆ ಪೂರ್ತಿ ಹೋಯಿತು. ಆಗೆಲ್ಲ ಮನೆ, ಅಡುಗೆ, ಮಗು ಎಲ್ಲ ನೋಡಿಕೊಂಡ ನನ್ನ ಗಂಡನಿಗೆ, ಟೈಪಿಂಗಿಗೆ ಕೂತ ತಮ್ಮನಿಗೆ ಮನೆಯಲ್ಲೇ ಎಷ್ಟೋ ಸಲ ಹೇಳಿದ್ದೇನೆ, ಇಲ್ಲಿ ಎಲ್ಲರ ಮುಂದೆ ಮತ್ತೆ ಹೇಳುತ್ತೇನೆ.

ಅವ್ವನಿಗೆ ಏನು ಹೇಳಲಿ? ವೈವಾ ಮುಗಿದ ರಾತ್ರಿ ಲ್ಯಾಪ್‌ಟಾಪಿನಲ್ಲಿ ಎಲೆಯ ಸೆಕ್ಷನ್ನಿನ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿ, "ಇದಕ್ಕ ನೀರು ಕಮ್ಮಿ ಬಿದ್ದದ ನೋಡು," ಅಂದಳು. ಸರಿಯಾಗಿಯೇ ಹೇಳಿದಳು. ಅದು ನೀರು ಕೊಡದೆ ಬೆಳೆಸಿದ ಗಿಡದ ಎಲೆ.

ಈ ಸಲ ಪುಣೆಗೆ ಬರುತ್ತಿರುವ ಮಕ್ಕಳೇ, ನಿಮ್ಮ ಕಾಕು, ನಿಮ್ಮ ಆಜಿ, ನಿಮ್ಮ ಸರ್ ಯಾವ ರೂಪದಲ್ಲಿ ಸಿಗುತ್ತಾರೋ ಗೊತ್ತಿಲ್ಲ. ಸಿಗುವವರೆಗೆ ನಾನಿದ್ದೇನೆ. ಫಾರ್ಮು ತುಂಬಲು, ಕೋಣೆ ಹುಡುಕಲು, ಮೊದಲ ಜರ್ನಲ್ಲಿನ, ಅಂದರೆ ಪ್ರಾಕ್ಟಿಕಲ್ ವಹಿಯ ಚಿತ್ರ ಬಿಡಿಸಲು ಏನೇ ಇದ್ದರೂ ಕೇಳಿ. ಭಾನುವಾರ ರಾತ್ರಿ ಮೆಸ್ಸು ಬಂದ್ ಇರುತ್ತದೆ, ನಮ್ಮ ಮನೆಗೆ ಊಟಕ್ಕೆ ಬನ್ನಿ. ಎಷ್ಟು ಜನ ಅಂತ ಮಧ್ಯಾಹ್ನವೇ ಒಂದು ಮಾತು ತಿಳಿಸಿ, ಎಷ್ಟು ರೊಟ್ಟಿ ಬಡಿಯಬೇಕು ಗೊತ್ತಾಗಬೇಕಲ್ವಾ.