ತಪ್ಪು ತೋರಿಸಿಕೊಟ್ಟವರಿಗೆ ಮೊದಲ ನಮಸ್ಕಾರ

ಇತಿಹಾಸ ತರಗತಿಯ ಜಾಲತಾಣಕ್ಕೆ ಒಂದು ಶೈಕ್ಷಣಿಕ ವರ್ಷ ತುಂಬಿದೆ. ಪಾಠದ ಟಿಪ್ಪಣಿ, ಮೂಲ ಆಕರ, ಕಾಲರೇಖೆ, ನಕ್ಷೆ, ಹಳೆಯ ಪ್ರಶ್ನೆಪತ್ರಿಕೆ ಎಲ್ಲವೂ ಈಗ ಒಂದೇ ಕಡೆ ಸಿಗುತ್ತಿವೆ. ಇದಕ್ಕಾಗಿ ದುಡಿದ ವಿದ್ಯಾರ್ಥಿಗಳಿಗೆ, ಸಹೋದ್ಯೋಗಿಗಳಿಗೆ, ಪೋಷಕರಿಗೆ ಮನಸಾರೆ ಕೃತಜ್ಞತೆಗಳು. ಯಾರ್ಯಾರು ಏನೇನು ಮಾಡಿದರು ಎಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಅವರ ದುಡಿಮೆ ಪುಟದ ಮೇಲೆ ಎಲ್ಲೂ ಕಾಣುವುದಿಲ್ಲ, ಮುಂದೆ ಇಂಥದ್ದೇ ಕೆಲಸಕ್ಕೆ ಕೈಹಾಕುವ ಮೇಷ್ಟ್ರುಗಳಿಗೂ ಈ ವಿವರ ಬೇಕಾಗುತ್ತದೆ.

‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿದ್ದ ಟಿಪ್ಪಣಿಗಳನ್ನು ಎಲ್ಲ ಸಾಧನಗಳಿಗೂ ಒಗ್ಗುವ ಯೂನಿಕೋಡ್ ಸಂಕೇತಕ್ಕೆ ತಂದವರನ್ನು ಮೊದಲು ನೆನೆಯಬೇಕು. ಆ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರರಾಶಿ, ಹುಡುಕಿದರೆ ಏನೂ ಸಿಗದು. ಪರಿವರ್ತಕ ತಂತ್ರಾಂಶ ಬಹುಪಾಲನ್ನು ಕ್ಷಣದಲ್ಲಿ ಬದಲಿಸುತ್ತದೆ, ನಿಜ. ಎಡವುವುದು ಅರ್ಕಾವತ್ತಿನಲ್ಲಿ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಹಾಗಾಗಿ ಧರ್ಮ, ವರ್ಷ, ಮೌರ್ಯ ಎಂಬಂಥ ಪದಗಳನ್ನೆಲ್ಲ ಕಣ್ಣಲ್ಲೇ ನೋಡಿ ಖಚಿತಪಡಿಸಿಕೊಳ್ಳಬೇಕು. ಇನ್ನೊಂದು ಕಾಟ ಕನ್ನಡದ ಸೊನ್ನೆಯದು. ಸೊನ್ನೆ ಇರಬೇಕಾದಲ್ಲಿ ಅನುಸ್ವಾರ ಬಿದ್ದಿದ್ದರೆ ನೋಟಕ್ಕೆ ಹೆಚ್ಚುಕಡಿಮೆ ಒಂದೇ, ಆದರೆ ಆ ಇಸವಿ ಹುಡುಕಾಟದಲ್ಲಿ ಸಿಕ್ಕುವುದಿಲ್ಲ. ಒಬ್ಬರು ಮುದ್ರಿತ ಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪರದೆಯ ಮೇಲೆ ಬೆರಳಿಟ್ಟು ಹಿಂಬಾಲಿಸುವುದು: ಈ ಹಳೆಯ ಕ್ರಮವೇ ಕೊನೆಗೂ ಕೈಹಿಡಿಯಿತು. ಹಾಗೆ ಓದಿದವರೆಲ್ಲರ ಗಂಟಲಿಗೂ ಕಣ್ಣಿಗೂ ನಾವು ಋಣಿಗಳು.

ಪುಟಗಳ ವಿಳಾಸ ಕನ್ನಡದಲ್ಲಿ ಬೇಡ ಎಂದು ಆರಂಭದಲ್ಲೇ ಎಚ್ಚರಿಸಿದವರಿಗೂ ವಂದನೆ. ವಿಳಾಸದಲ್ಲಿ ‘ಇತಿಹಾಸ’ ಎಂದು ಬರೆದು, ಅದನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ಒಂದೊಂದು ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. ಆ ಪದದಲ್ಲಿ ಗುಣಿತದ ಚಿಹ್ನೆಗಳೂ ಸೇರಿ ಆರು ಸಂಕೇತಗಳಿವೆ, ಅಂದರೆ 54 ಚಿಹ್ನೆಗಳು. ವಾಟ್ಸಾಪಿನಲ್ಲಿ ಕಳಿಸಿದಾಗ ನಡುವೆ ತುಂಡಾದರೆ ಕೊಂಡಿ ಕೆಲಸ ಮಾಡದು. ಶೀರ್ಷಿಕೆ ಕನ್ನಡದಲ್ಲಿ, ವಿಳಾಸ ಮಾತ್ರ ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ ಎಂಬ ನಿಯಮದಿಂದ ಮುಂದಿನ ಎಷ್ಟೋ ತೊಂದರೆ ತಪ್ಪಿತು.

ಅತಿ ಹೆಚ್ಚು ಜನರ ಶ್ರಮ ಸೇರಿರುವುದು ಐಹೊಳೆ ಶಾಸನದ ಪುಟದಲ್ಲಿ. ಮೇಗುತಿ ಬಸದಿಯ ಗೋಡೆಯ ಮೇಲಿನ ಈ ಶಾಸನ ಸಂಸ್ಕೃತ ಭಾಷೆಯಲ್ಲಿ, ಹಳಗನ್ನಡ ಲಿಪಿಯಲ್ಲಿದೆ. ರಚಿಸಿದವನು ರವಿಕೀರ್ತಿ, ಹೊಗಳಿಕೆ ಇಮ್ಮಡಿ ಪುಲಕೇಶಿಯದು. ಪುಟದಲ್ಲಿ ಮೇಲೆ ಚಿತ್ರ, ಕೆಳಗೆ ಪಾಠ, ಅದರ ಕೆಳಗೆ ಕನ್ನಡದ ಅರ್ಥ, ಕೊನೆಗೆ ಪ್ರಶ್ನೆಗಳು. ಉತ್ತರದ ದೊರೆ ಹರ್ಷನ ಹರ್ಷವೇ ಭಯದಿಂದ ಕರಗಿತು ಎಂಬ ರವಿಕೀರ್ತಿಯ ಶ್ಲೇಷೆ ಮಕ್ಕಳಿಗೆ ಬಲು ಇಷ್ಟ. ಆದರೆ ಆಸ್ಥಾನಕವಿಯ ಮಾತೊಂದನ್ನೇ ಓದಿ ಬಿಡಬಾರದು, ಪಕ್ಕದಲ್ಲಿ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನ ಬರವಣಿಗೆಯನ್ನೂ ಇಡಿ ಎಂದು ಸಹೋದ್ಯೋಗಿಗಳು ಪಟ್ಟುಹಿಡಿದರು. ಪುಲಕೇಶಿ ಹರ್ಷನಿಗೆ ಮಣಿಯಲಿಲ್ಲ ಎಂದು ಹೊರಗಿನಿಂದ ಬಂದ ಆ ಯಾತ್ರಿಕನೂ ಬರೆದಿದ್ದಾನೆ. ಎರಡು ಆಕರಗಳನ್ನು ಎದುರುಬದುರು ಇಟ್ಟ ಮೇಲೆಯೇ ಆ ಪುಟಕ್ಕೆ ಜೀವ ಬಂದದ್ದು. ಆ ಹಠಕ್ಕೆ ದೊಡ್ಡ ಧನ್ಯವಾದ.

ಅದೇ ಪುಟದ ಇಸವಿಯನ್ನು ಪ್ರಶ್ನಿಸಿದ ವಿದ್ಯಾರ್ಥಿಗಳಿಗೆ ಇನ್ನೂ ದೊಡ್ಡದು. ಶಾಸನದಲ್ಲಿರುವುದು ಶಕ 556. ಅದಕ್ಕೆ 78 ಕೂಡಿಸಿದರೆ ಕ್ರಿ.ಶ. 634. ಒಂದು ಪುಟದಲ್ಲಿ 634, ಇನ್ನೊಂದರಲ್ಲಿ 635 ಇದೆಯಲ್ಲ, ಯಾವುದು ಸರಿ ಎಂದು ಅವರು ಕೇಳಿದರು. ಶಕ ವರ್ಷ ಚೈತ್ರದಲ್ಲಿ ಶುರುವಾಗಿ ಮುಂದಿನ ಕ್ರಿಸ್ತವರ್ಷದ ಮೊದಲ ತಿಂಗಳುಗಳಿಗೂ ಚಾಚುತ್ತದೆ, ಆದ್ದರಿಂದ 634–35 ಎಂದು ಬರೆಯುವುದೇ ಸರಿ. ಆದರೆ ಹಾಗೆ ಬರೆದೊಡನೆ ಸ್ಪ್ರೆಡ್‌ಶೀಟಿನಿಂದ ಮೂಡುವ ಕಾಲರೇಖೆ ಕೆಟ್ಟಿತು. ಅಡ್ಡಗೆರೆ ಇರುವ ಕೋಶವನ್ನು ಸ್ಪ್ರೆಡ್‌ಶೀಟ್ ಸಂಖ್ಯೆ ಎಂದು ತಿಳಿಯುವುದಿಲ್ಲ, ಕೆಲವೊಮ್ಮೆ ದಿನಾಂಕವಾಗಿಯೇ ಮಾರ್ಪಡಿಸಿಬಿಡುತ್ತದೆ. ಎಕ್ಸೆಲ್‌ನ ದಿನಾಂಕಗಳು 1900ರಿಂದ ಈಚೆಗಷ್ಟೇ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಆರಂಭದ ವರ್ಷ, ಮುಗಿದ ವರ್ಷ, ತಿಂಗಳು, ದಿನ ಎಂದು ಬೇರೆ ಬೇರೆ ಅಂಕಣ ಮಾಡಿ, ತೋರಿಸುವ ಪಠ್ಯಕ್ಕೆ ಮತ್ತೊಂದು ಅಂಕಣ ಇಡಬೇಕಾಯಿತು. ಸಾಲುಸಾಲಾಗಿ ಕೂತು ಅದನ್ನು ತುಂಬಿದವರು ವಿದ್ಯಾರ್ಥಿಗಳೇ.

ಕ್ರಿಸ್ತಪೂರ್ವದ ಇಸವಿಗಳಲ್ಲಿ ಇನ್ನೊಂದು ಹೊಂಡವಿದೆ. ಇತಿಹಾಸದ ಎಣಿಕೆಯಲ್ಲಿ ಸೊನ್ನೆಯ ವರ್ಷವಿಲ್ಲ, ಕ್ರಿ.ಪೂ. 1 ಆದ ಮೇಲೆ ನೇರ ಕ್ರಿ.ಶ. 1. ಕೆಲವು ತಂತ್ರಾಂಶಗಳು ಮಾತ್ರ ಕ್ರಿ.ಪೂ. 1ನ್ನು ಸೊನ್ನೆ ಎಂದು ಎಣಿಸುತ್ತವೆ. ಅಂಥ ಕಡೆ ಕಳಿಂಗ ಯುದ್ಧಕ್ಕೆ −261 ಎಂದು ಹಾಕಿದರೆ ಅದು ಕ್ರಿ.ಪೂ. 262ಕ್ಕೆ ಸರಿದುಬಿಡುತ್ತದೆ. ಇಸವಿ ಖಚಿತವಿಲ್ಲದ ಕಡೆ ‘ಸುಮಾರು’ ಎಂಬ ಪದವನ್ನೂ ಕೈಬಿಡದೆ ಸೇರಿಸಿದವರು ಒಳ್ಳೆಯ ಕೆಲಸ ಮಾಡಿದರು.

ನಕ್ಷೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರ ಋಣವಿದೆ, ಚಿತ್ರಗಳಿಗೆ ವಿಕಿಮೀಡಿಯ ಕಾಮನ್ಸ್‌ನ ಛಾಯಾಗ್ರಾಹಕರ ಋಣವಿದೆ. ತಳನಕ್ಷೆಯಲ್ಲಿ ಇಂದಿನ ಗಡಿ, ಹೆದ್ದಾರಿಗಳು ಎದ್ದು ಕಾಣುವುದರಿಂದ ಬಣ್ಣವನ್ನು ಮಸುಕುಗೊಳಿಸಿ, ಹಳೆಯ ರಾಜ್ಯಗಳ ಎಲ್ಲೆಯನ್ನು ಗಟ್ಟಿ ಗೆರೆಯ ಬದಲು ಹರಡಿದ ಬಣ್ಣದಲ್ಲಿ ತೋರಿಸಿದ್ದೇವೆ. ಶಾಸನ ಎಷ್ಟೇ ಹಳೆಯದಾದರೂ ಅದರ ಫೋಟೋದ ಹಕ್ಕು ತೆಗೆದವರದು, ಹಾಗಾಗಿ ಪ್ರತಿ ಚಿತ್ರದ ಕೆಳಗೆ ತೆಗೆದವರ ಹೆಸರು, ಪರವಾನಗಿ, ನಾವು ಮಾಡಿದ ಬದಲಾವಣೆ ಇವೆ. ಚಿತ್ರಗಳನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಹೆಚ್ಚಿನವು 200–300 ಕೆಬಿಯೊಳಗೆ ಬರುತ್ತವೆ. ಶಾಸನಗಳಿಗೆ ಮಾತ್ರ ದೊಡ್ಡ ಪ್ರತಿಯ ಕೊಂಡಿ ಬೇರೆಯೇ ಇರಬೇಕು, ಇಲ್ಲದಿದ್ದರೆ ಅಕ್ಷರ ಓದಲಾಗದು.

ತಮ್ಮ ತಮ್ಮ ಮೊಬೈಲಿನಲ್ಲಿ ಪುಟ ತೆರೆದು, ಐದು ಅಂಕಣದ ಕೋಷ್ಟಕ ಪರದೆಯಾಚೆ ಹೋಗುತ್ತಿದೆ ಎಂದು ಚಿತ್ರ ಕಳಿಸಿದವರಿಗೆ, ಸತ್ತ ಕೊಂಡಿಗಳ ಪಟ್ಟಿ ಕೊಟ್ಟವರಿಗೆ, ಮಕ್ಕಳ ಹೆಸರು ಮತ್ತು ಮುಖ ಎಲ್ಲಿಯೂ ಬರಬಾರದು ಎಂದು ಒತ್ತಿ ಹೇಳಿದ ಪೋಷಕರಿಗೆ ನಮಸ್ಕಾರ. ಹೊರಗಿನ ಕೊಂಡಿಗಳಿಗೆಲ್ಲ ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿಸಿದ ಪ್ರತಿಯ ಕೊಂಡಿಯೂ ಜೊತೆಗಿದೆ.

ತಾಣದ ಕೊನೆಯಲ್ಲಿ ‘ತಿದ್ದುಪಡಿ’ ಎಂಬ ಪುಟವಿದೆ. ಏನಿತ್ತು, ಏನಾಯಿತು, ಯಾವ ದಿನ ಎಂದು ಮೂರೇ ಅಂಕಣ. ವಿದ್ಯಾರ್ಥಿಗಳ ಹೆಸರು ಹಾಕುವಂತಿಲ್ಲ. ಆದರೆ 634 ಇದ್ದದ್ದು 634–35 ಆದ ಸಾಲು ಅಲ್ಲಿದೆ, ಅದನ್ನು ಕೇಳಿದವರಿಗೆ ಅದು ತಮ್ಮದೇ ಎಂದು ಗೊತ್ತಿದೆ.