ತಲೆಯಾಡಿಸಿದರೆ ಅರ್ಥವಾಯಿತೆಂದಲ್ಲ

ಮಾನ್ಯರೇ,

ಬೇರೆ ಭಾಷೆ, ಬೇರೆ ಸಂಸ್ಕೃತಿಯಿಂದ ಬಂದ ನರ್ಸಿಂಗ್ ವಿದ್ಯಾರ್ಥಿ ವಾರ್ಡ್ ತರಬೇತಿಯಲ್ಲಿ ತಡವರಿಸಿದರೆ ‘ಭಾಷೆ ಬರುವುದಿಲ್ಲ’, ‘ಆಸಕ್ತಿ ಇಲ್ಲ’ ಎಂದು ಷರಾ ಬರೆದು ಕೈತೊಳೆದುಕೊಳ್ಳುವುದು ವಾಡಿಕೆಯಾಗಿದೆ. ಭಾಷೆ ಯಾವ ಜಾಗದಲ್ಲಿ ತೊಡಕಾಯಿತು ಎಂದು ಹುಡುಕುವವರು ಕಡಿಮೆ.

‘ಅರ್ಥವಾಯಿತಾ?’ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಹಿರಿಯರನ್ನು ಮರುಪ್ರಶ್ನಿಸುವುದು ಅಗೌರವ ಎಂದು ಕಲಿತು ಬೆಳೆದವರು ಇದಕ್ಕೆ ತಲೆಯಾಡಿಸಿಯೇ ಆಡಿಸುತ್ತಾರೆ. ಹತ್ತು ಸಲ ಕೇಳಿ ತಲೆ ತಿನ್ನುವ ವಿದ್ಯಾರ್ಥಿಗಿಂತ ಹೀಗೆ ಸುಮ್ಮನೆ ತಲೆಯಾಡಿಸಿ ಹೋಗುವವರ ಬಗ್ಗೆಯೇ ಬೋಧಕರು ಹೆಚ್ಚು ಎಚ್ಚರವಾಗಿರಬೇಕು. ‘ಈಗ ಯಾವ ರೋಗಿಗೆ, ಯಾವ ಔಷಧ, ಎಷ್ಟು, ಯಾವ ದಾರಿಯಲ್ಲಿ (ಬಾಯಿಗೋ, ಸೂಜಿಯಲ್ಲೋ), ಎಷ್ಟು ಹೊತ್ತಿಗೆ ಕೊಡುತ್ತೀರಿ, ಹೇಳಿ’ ಎಂದು ಕೇಳಿದರೆ ಅರ್ಧ ನಿಮಿಷದಲ್ಲಿ ನಿಜ ಗೊತ್ತಾಗುತ್ತದೆ. ಇಂಗ್ಲಿಷಿನ ಫಿಫ್ಟೀನ್ ಮತ್ತು ಫಿಫ್ಟಿ, ಕನ್ನಡದ ಎಪ್ಪತ್ತು ಮತ್ತು ಎಂಬತ್ತು ಹೊಸ ಕಿವಿಗೆ ಒಂದೇ ಥರ ಕೇಳಿಸುತ್ತವೆ. ಮಾಸ್ಕ್ ಹಾಕಿದ್ದರೆ ತುಟಿಯ ಚಲನೆಯೂ ಕಾಣದು. ಆದ್ದರಿಂದ ಅಂಕಿಗಳನ್ನು ‘ಒಂದು, ಐದು, ಹದಿನೈದು’ ಎಂದು ಬಿಡಿಸಿ ಹೇಳಬೇಕು. ಡೋಪಮೈನ್, ಡೋಬ್ಯುಟಮೈನ್‌ನಂಥ ಒಂದೇ ಥರ ಕೇಳಿಸುವ ಔಷಧದ ಹೆಸರುಗಳನ್ನು ಬರೆದೇ ತೋರಿಸಬೇಕು. ಫೋನಿನಲ್ಲಿ ಬರುವ ಔಷಧದ ಆದೇಶವನ್ನಂತೂ ವಿದ್ಯಾರ್ಥಿಯ ಕೈಗೆ ಬಿಡಲೇಬಾರದು.

ರೋಗಿಯಾಡುವ ಮಾತಿನದು ಇನ್ನೊಂದು ಬಗೆಯ ತೊಡಕು. ಪಠ್ಯದಲ್ಲಿ ವಾಕರಿಕೆ, ಎದೆನೋವು ಎಂದಿರುತ್ತದೆ; ಹಾಸಿಗೆಯಲ್ಲಿರುವವರು ‘ಸಂಕಟ’ ಎನ್ನುತ್ತಾರೆ. ಅದು ಹೊಟ್ಟೆ ತೊಳಸುವುದೂ ಆಗಬಹುದು, ಎದೆಯ ಹಿಂಸೆಯೂ ಆಗಬಹುದು, ಮನಸ್ಸಿನ ದುಃಖವೂ ಆಗಬಹುದು. ನಿಘಂಟಿನ ಮೊದಲ ಅರ್ಥ ಹಿಡಿದು ಹೊರಟ ವಿದ್ಯಾರ್ಥಿ, ಇಸಿಜಿ ತೆಗೆಸಬೇಕಾದವರನ್ನು ಸಮಾಧಾನಪಡಿಸುತ್ತ ಕೂತುಬಿಟ್ಟಾರು. ಇಂಥ ನಲವತ್ತು-ಐವತ್ತು ಮಾತುಗಳನ್ನು ರೋಗಿಗಳ ಬಾಯಿಂದಲೇ ಸಂಗ್ರಹಿಸಿ, ಪ್ರತಿಯೊಂದರ ಪಕ್ಕ ಮುಂದಿನ ಪ್ರಶ್ನೆಯನ್ನೂ ಬರೆದು ಮೊದಲ ದಿನವೇ ಕೊಡಬಹುದು: ‘ಎಲ್ಲಿ, ಕೈಯಿಟ್ಟು ತೋರಿಸಿ’, ‘ಯಾವಾಗಿನಿಂದ’, ‘ಉಸಿರಾಡಲು ಕಷ್ಟವೇ’. ರೋಗಿ ಆಡಿದ ಪದವನ್ನು ಕೇಳಿದ ಹಾಗೆಯೇ ಉದ್ಧರಣ ಚಿಹ್ನೆಯೊಳಗೆ ಬರೆದು, ಕೈಯಿಟ್ಟು ತೋರಿಸಿದ ಜಾಗವನ್ನೂ ನಮೂದಿಸುವ ರೂಢಿ ಬಂದರೆ ಅನುವಾದದ ತಪ್ಪು ಮುಂದಿನ ಪಾಳಿಗೆ ದಾಟುವುದಿಲ್ಲ.

ಪ್ರಜ್ಞೆಯ ಮಟ್ಟ ಅಳೆಯುವಾಗ ಈ ತೊಡಕು ಅಂಕಿಯ ವೇಷದಲ್ಲಿ ಅಡಗಿರುತ್ತದೆ. ಗ್ಲಾಸ್ಗೋ ಕೋಮಾ ಸ್ಕೇಲ್‌ನ 15 ಅಂಕಗಳಲ್ಲಿ 5 ಮಾತಿಗೆ. ಸ್ವಸ್ಥವಾಗಿ ಮಾತಾಡುವ ರೋಗಿಯ ಭಾಷೆ ತಿಳಿಯದ ವಿದ್ಯಾರ್ಥಿ ‘ಗೊಂದಲ’ ಎಂದು 4, ಇಲ್ಲವೇ ‘ಅಸಂಬದ್ಧ ಪದ’ ಎಂದು 3 ಹಾಕಬಹುದು. ಇದಕ್ಕಿಂತ ಕೆಟ್ಟದ್ದು ಇದರ ತಿರುವುಮುರುವು: ಅಸಂಬದ್ಧವಾಗಿ ಬಡಬಡಿಸುವವರಿಗೆ ಧಾರಾಳವಾಗಿ 5 ಹಾಕುವುದು. ಹೆಸರು, ಇರುವ ಜಾಗ, ತಿಂಗಳು ಕೇಳುವ ಪ್ರಶ್ನೆಗಳನ್ನು ಆ ಭಾಷೆ ಬಲ್ಲವರಿಂದ ಕೇಳಿಸಬೇಕು. ಯಾರೂ ಸಿಗದಿದ್ದರೆ ಆ ಭಾಗದಲ್ಲಿ ‘ಪರೀಕ್ಷಿಸಲಾಗಲಿಲ್ಲ’ ಎಂದು ಬರೆಯಬೇಕೇ ಹೊರತು ಊಹೆಯ ಅಂಕವನ್ನಲ್ಲ.

ಕೇಸ್ ಶೀಟಿನ ಬರಹವೂ ಎಲ್ಲರಿಗೂ ಒಂದೇ ಅಲ್ಲ. ಹಲವು ದೇಶಗಳಲ್ಲಿ ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ. ಅಲ್ಲಿ ಕಲಿತವರು ಬರೆದ 2,5 ಅನ್ನು ಅವಸರದಲ್ಲಿ 25 ಎಂದು ಓದಿದರೆ ಹತ್ತು ಪಟ್ಟು ಔಷಧ. ಡೆಸಿಲೀಟರಿಗೆ 100 ಮಿಲಿಗ್ರಾಂ ಎನ್ನುವ ರಕ್ತದ ಸಕ್ಕರೆ, ಬೇರೆ ಕಡೆ ಲೀಟರಿಗೆ ಸುಮಾರು 5.5 ಮಿಲಿಮೋಲ್. ಇನ್ಸುಲಿನ್‌ನ ಯೂನಿಟ್‌ಗೆ ಬರೀ ಇಂಗ್ಲಿಷಿನ ‘ಯು’ (U) ಅಕ್ಷರ ಬರೆದರೆ ಅದು ಸೊನ್ನೆಯಂತೆ ಕಾಣುತ್ತದೆ. ಪೂರ್ತಿ ಪದ ಬರೆಯುವುದೇ ಕ್ಷೇಮ. ವಾರ್ಡಿನಲ್ಲಿ ಬಳಕೆಯಲ್ಲಿರುವ ಸಂಕ್ಷೇಪಗಳ ಪಟ್ಟಿಯನ್ನು ಔಷಧದ ಟ್ರಾಲಿಗೆ ಅಂಟಿಸಲು ದೊಡ್ಡ ಯೋಜನೆಯೇನೂ ಬೇಕಿಲ್ಲ.

ಎರಡು ಭಾಷೆ ಬಲ್ಲ ವಿದ್ಯಾರ್ಥಿಯ ಪಾಡು ಬೇರೆ. ಗಾಯದ ಡ್ರೆಸ್ಸಿಂಗ್ ನೋಡಿ ಕಲಿಯಬೇಕಾದ ಹೊತ್ತಿನಲ್ಲಿ ‘ಸ್ವಲ್ಪ ಬಾ, ಇವರು ಏನನ್ನುತ್ತಾರೆ ಹೇಳು’ ಎಂದು ವಾರ್ಡಿನಿಂದ ವಾರ್ಡಿಗೆ ಎಳೆದಾಡುತ್ತಾರೆ. ನೀರು ಬೇಕೇ, ನೋವಿದೆಯೇ ಎಂದು ಕೇಳಿಸುವುದಕ್ಕೆ ಅಡ್ಡಿಯಿಲ್ಲ. ಶಸ್ತ್ರಚಿಕಿತ್ಸೆಯ ಒಪ್ಪಿಗೆ, ಔಷಧದ ಅಲರ್ಜಿಯ ವಿವರ, ಕೆಟ್ಟ ಸುದ್ದಿ ತಿಳಿಸುವುದು ಇವೆಲ್ಲ ತರಬೇತಿ ಪಡೆದ ದುಭಾಷಿಯ ಕೆಲಸ. ವಿದ್ಯಾರ್ಥಿಯಿಂದ ಮಾಡಿಸಿ ತಪ್ಪಾದರೆ ಹೊಣೆ ಯಾರದೆಂದು ಯಾರೂ ಮೊದಲೇ ಹೇಳಿರುವುದಿಲ್ಲ, ಕಳೆದುಹೋದ ಕಲಿಕೆಯ ಗಂಟೆಗಳನ್ನೂ ತುಂಬಿಕೊಡುವುದಿಲ್ಲ.

ಇನ್ನು ಮೌಲ್ಯಮಾಪನ. ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಹಾಕುವಾಗ ಶುಚಿತ್ವದ ಕ್ರಮ ಒಂದೂ ತಪ್ಪದ ವಿದ್ಯಾರ್ಥಿಗೆ ‘ಮಾತು ಸರಿಯಿಲ್ಲ’ ಎಂದು ಆ ಕೌಶಲದಲ್ಲೇ ಅಂಕ ಕಳೆಯುವುದು ಅನ್ಯಾಯ. ರೋಗಿಗೆ ಏನು ಮಾಡಲಿದ್ದೇವೆಂದು ವಿವರಿಸದೆ ಮುಗಿಸಿದವರಿಗೆ ಮಾತು ಬಾರದೆಂದು ಪೂರ್ಣ ಅಂಕ ಕೊಡುವುದೂ ತಪ್ಪೇ. ಕೈಕೆಲಸಕ್ಕೆ, ಸಂವಹನಕ್ಕೆ ಬೇರೆ ಬೇರೆ ಕಾಲಂ ಇರಲಿ. ಸಂವಹನದ ಕಾಲಂನಲ್ಲಿ ತಪ್ಪಿದ ವಾಕ್ಯವನ್ನೇ ಬರೆದು, ಅದನ್ನು ಮುಂದಿನ ಪಾಳಿಯಲ್ಲಿ ಮತ್ತೆ ಹೇಳಿಸಿ ನೋಡಿದ ದಿನಾಂಕವನ್ನೂ ಬೋಧಕರು ನಮೂದಿಸಲಿ.

– ಕ್ಲಿನಿಕಲ್ ತರಬೇತಿಯ ನರ್ಸಿಂಗ್ ಬೋಧಕರು